ಪ್ರೋಬಯಾಟಿಕ್ ಕಿತ್ತಳೆ ರಸ: ರುಚಿಗೆ ಪೂರ್ಣ ಅಂಕ, ಲೇಬಲ್ಲಿಗೆ ಅರ್ಧ

ಹಾಲು ಮೊಸರು ಒಗ್ಗದ ನನ್ನಂಥವರಿಗೆ ಪ್ರೋಬಯಾಟಿಕ್ ಹಣ್ಣಿನ ರಸ, ಅಂದರೆ ಆರೋಗ್ಯಕ್ಕೆ ಒಳ್ಳೆಯದೆಂದು ಜೀವಂತ ಬ್ಯಾಕ್ಟೀರಿಯಾ ಸೇರಿಸಿದ ರಸ, ಆಸೆ ಹುಟ್ಟಿಸುವ ಸರಕು. ಎರಡು ವಾರ ದಿನಕ್ಕೊಂದರಂತೆ ನಾನು ಕುಡಿದು ನೋಡಿದ್ದು ಕಿತ್ತಳೆ ಮತ್ತು ಅನಾನಸ್ ಬೆರೆಸಿದ 200 ಮಿ.ಲೀ. ಬಾಟಲಿಗಳನ್ನು. ಮುಂದೆ ಹೇಳಲಿರುವ ದೂರಿನಲ್ಲಿ ತಯಾರಕರ ಪಾಲೆಷ್ಟು, ಅಂಗಡಿಯವರ ಪಾಲೆಷ್ಟು ಎಂಬುದು ಇತ್ಯರ್ಥವಾಗದ ಕಾರಣ ಇಬ್ಬರ ಹೆಸರನ್ನೂ ಬರೆಯುತ್ತಿಲ್ಲ.

ರುಚಿಯ ಬಗ್ಗೆ ತಕರಾರಿಲ್ಲ. ಬರಿಯ ಕಿತ್ತಳೆ ರಸಕ್ಕೆ ಇಂಥ ಬ್ಯಾಕ್ಟೀರಿಯಾ ಸೇರಿಸಿದಾಗ ಕೆಲವೊಮ್ಮೆ ಬರುವ ಔಷಧದಂಥ ವಾಸನೆಯನ್ನು ಇಲ್ಲಿ ಅನಾನಸ್ ಅಡಗಿಸಿದೆ.

ಆದರೆ ನಾವು ಹೆಚ್ಚು ಹಣ ಕೊಡುವುದು ರುಚಿಗಲ್ಲ, ಜೀವಂತ ಬ್ಯಾಕ್ಟೀರಿಯಾಗಳಿಗೆ. ಕಿತ್ತಳೆ ರಸದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 3.5ರಿಂದ 4. ಅಷ್ಟು ಹುಳಿಯಲ್ಲಿ ಸಿಟ್ರಿಕ್ ಆಮ್ಲದ ಒಂದು ಭಾಗ ಜೀವಕೋಶದ ಪೊರೆಯನ್ನು ದಾಟಿ ಒಳಗೆ ಹುಳಿಗೆ ಕಾರಣವಾದ ಪ್ರೋಟಾನು ಎಂಬ ಕಣಗಳನ್ನು ಬಿಡುತ್ತದೆ; ಅವನ್ನು ಹೊರಹಾಕುವುದರಲ್ಲೇ ಕೋಶದ ಶಕ್ತಿ ತೀರಿ, ಕೊನೆಗೆ ಅದು ಸಾಯುತ್ತದೆ. ಇದನ್ನು ತಡೆಯಲು ಈ ತಯಾರಕರು ಬ್ಯಾಕ್ಟೀರಿಯಾಗಳನ್ನು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟಿನಂಥ ವಸ್ತುವಿನ ಮಣಿಗಳೊಳಗೆ ಇರಿಸಿದ್ದಾರೆ. ನಾಲಿಗೆಗೆ ಅವು ಕಾಮಕಸ್ತೂರಿ ಬೀಜಕ್ಕಿಂತಲೂ ಸಣ್ಣ ಕಣಗಳಂತೆ ತಾಗುತ್ತವೆ, ನನಗಂತೂ ಹಿಡಿಸಿತು. ಇಲ್ಲೊಂದು ತೊಡಕಿದೆ: ಮಣಿಯನ್ನು ಗಟ್ಟಿಯಾಗಿ ಹಿಡಿದಿರುವುದು ಕ್ಯಾಲ್ಸಿಯಂ, ಆ ಕ್ಯಾಲ್ಸಿಯಮ್ಮನ್ನೇ ರಸದ ಸಿಟ್ರಿಕ್ ಆಮ್ಲದಿಂದ ಬರುವ ಸಿಟ್ರೇಟ್ ಎಳೆದುಕೊಳ್ಳಬಲ್ಲದು. ಹೀಗಾಗಿ ಮಣಿಗಳ ಮೇಲೆ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನಿನಂಥ ಇನ್ನೊಂದು ಹೊದಿಕೆ ಕೊಡುವ ಪದ್ಧತಿಯೂ ಇದೆ. ಈ ಬಾಟಲಿಯ ಲೇಬಲ್ಲಿನಲ್ಲಿ ಅದರ ಉಲ್ಲೇಖವಿಲ್ಲ.

ಸ್ವೀಡನ್ನಿನಲ್ಲಿ 1994ರಲ್ಲಿ ಮಾರುಕಟ್ಟೆಗೆ ಬಂದ ಪ್ರೊವಿವಾ ಎಂಬ ಹಣ್ಣಿನ ಪಾನೀಯದವರು ಹಿಡಿದದ್ದು ಬೇರೆಯೇ ದಾರಿ. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ 299ವಿ ಎಂಬ, ಹುಳಿಯನ್ನು ಸಹಜವಾಗಿಯೇ ತಾಳಿಕೊಳ್ಳುವ ತಳಿಯನ್ನು ಆರಿಸಿ, ಅದರಿಂದ ಓಟ್ಸ್ ಗಂಜಿಯನ್ನು ಹುದುಗಿಸಿ, ಆ ಗಂಜಿಯನ್ನು ಸ್ವಲ್ಪವೇ ಹಣ್ಣಿನ ಪಾನೀಯಕ್ಕೆ ಬೆರೆಸಿದರು. ತಳಿಯ ಆಯ್ಕೆ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ ಎಂಬುದು ನನ್ನ ಅಭಿಪ್ರಾಯ. ನಾನು ಕೊಂಡ ಬಾಟಲಿಯಲ್ಲಿ ತಳಿಯ ಹೆಸರೇ ಇಲ್ಲ, ಬರಿದೇ 'ಲ್ಯಾಕ್ಟೊಬ್ಯಾಸಿಲಸ್' ಎಂಬ ಕುಲದ ಹೆಸರಿದೆ.

ಸಂಖ್ಯೆಯ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ದೊಡ್ಡದು. ದಿನದ ಸೇವನೆಯಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕೆಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಅಳತೆ. ಬಳಕೆಯ ಅವಧಿ ಮುಗಿಯುವ ದಿನ ಕನಿಷ್ಠ ಎಷ್ಟು ಉಳಿದಿರುತ್ತವೆ ಎಂಬುದನ್ನು ಲೇಬಲ್ಲಿನಲ್ಲಿ ತಿಳಿಸಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2002ರಲ್ಲೇ ಸೂಚಿಸಿದ್ದಾರೆ. ಇಲ್ಲಿ ಮುದ್ರಿಸಿರುವುದು 'ತಯಾರಿಕೆಯ ಸಮಯದಲ್ಲಿ' ಇದ್ದ ಸಂಖ್ಯೆ. ದಿನದಿನಕ್ಕೆ ಇಳಿಯುವ ಲೆಕ್ಕದ ಮೊದಲ ದಿನದ ಅಂಕಿಯಿಂದ ಕುಡಿಯುವವರಿಗೇನು ಲಾಭ?

ಈ ಇಳಿಕೆಯನ್ನು ನಿಧಾನಗೊಳಿಸುವುದು ತಂಪು. ಬಾಟಲಿಯ ಮೇಲೆ 4 ಡಿಗ್ರಿಯಲ್ಲಿ ಇಡಬೇಕೆಂದು ಬರೆದಿದ್ದರೂ, ಎರಡನೆಯ ವಾರ ಅಂಗಡಿಯವರು ಏಪ್ರಿಲ್ ಸೆಕೆಯಲ್ಲಿ ಅವನ್ನು ಗಲ್ಲಾದ ಪಕ್ಕದ ತೆರೆದ ಕಪಾಟಿನಲ್ಲಿ ಜೋಡಿಸಿದ್ದರು. ಅಲ್ಲಿಂದ ತಂದ ಬಾಟಲಿಯಲ್ಲಿ ಹುಳಿ ಹೆಚ್ಚಿತ್ತು, ಮುಚ್ಚಳ ತೆರೆದಾಗ ಸಣ್ಣಗೆ ಗಾಳಿ ಹೊರಬಂತು, ಅದನ್ನು ಚೆಲ್ಲಿದೆ. ಫ್ರಿಜ್ಜಿನಿಂದಲೇ ತೆಗೆದುಕೊಡುವ, ತಯಾರಾಗಿ ಒಂದು ವಾರ ದಾಟದ ಬಾಟಲಿ ಸಿಕ್ಕಿದರೆ ಮತ್ತೆ ಕೊಳ್ಳುತ್ತೇನೆ, ಇಲ್ಲವಾದರೆ ಅದೇ ದುಡ್ಡಿಗೆ ಎರಡು ಲೋಟ ತಾಜಾ ಕಿತ್ತಳೆ ರಸ ಸಿಗುತ್ತದೆ.