ದುಬಾರಿ ಸ್ಪೀಕರ್ ಕೇಬಲ್ ತಂದೆ, ರೋಲ್ ವೈರ್‌ಗೇ ವಾಪಸ್ ಬಂದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ 14 ಗೇಜಿನ ಸಾದಾ ತಾಮ್ರದ ವೈರ್‌ಗೆ. ಗೇಜ್ ಅಂದರೆ ತಂತಿಯ ದಪ್ಪದ ಲೆಕ್ಕ, ಸಂಖ್ಯೆ ಸಣ್ಣದಾದಷ್ಟೂ ತಂತಿ ದಪ್ಪ. ಹೋಂ ಥಿಯೇಟರ್‌ಗೆ ಮೂರು ಥರದ ವೈರ್ ಹಾಕಿ ನೋಡಿದ್ದೇನೆ. ಒಂದು, ಸಿಕ್ಕಿದ್ದರಲ್ಲೇ ಅಗ್ಗದ್ದು. ಇನ್ನೊಂದು, ಮೇಲೆ ಹೆಣೆದ ಬಟ್ಟೆ, ತುದಿಗೆ ಚಿನ್ನದ ಬಣ್ಣದ ಪ್ಲಗ್, ಒಡವೆ ಇಡುವಂಥ ಡಬ್ಬಿ ಎಲ್ಲಾ ಇದ್ದ ದುಬಾರಿ ಕೇಬಲ್. ಮೂರನೆಯದು ಈ ರೋಲ್ ವೈರ್. ದುಬಾರಿಯದಕ್ಕೆ ಸುರಿದ ದುಡ್ಡಿನಲ್ಲಿ ಎಲ್ಲಾ ಸ್ಪೀಕರಿಗೂ ರೋಲ್ ವೈರ್ ಎಳೆದು ಇನ್ನೊಂದು ಸಬ್‌ವೂಫರ್ ತರಬಹುದಿತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ದುಬಾರಿ ಕೇಬಲ್ ಹಾಕಿದ ದಿನ ಮಾತ್ರ ನಾನು ಹಿರಿಹಿರಿ ಹಿಗ್ಗಿದ್ದೆ. ಬಾಸ್ ಬಿಗಿಯಾಗಿದೆ, ಮಾತು ಸ್ಪಷ್ಟವಾಗಿದೆ ಅಂತ ಮನೆಯವರನ್ನೆಲ್ಲ ಕೂರಿಸಿ ಕೇಳಿಸಿದೆ. ಎರಡು ವಾರ ಬಿಟ್ಟು ನೆಲ ಒರೆಸುವಾಗ ಗೊತ್ತಾಯಿತು, ಸ್ಪೀಕರ್‌ಗಳ ಹಳೆಯ ಗುರುತು ನಾಲ್ಕು ಬೆರಳು ಹಿಂದಿದೆ. ಕೇಬಲ್ ಸಿಕ್ಕಿಸುವುದಕ್ಕೆ ಎಳೆದವನು ಅಲ್ಲೇ ಬಿಟ್ಟಿದ್ದೆ. ಸ್ಪೀಕರ್ ಗೋಡೆಯಿಂದ ಮುಂದೆ ಬಂದರೆ ಬಾಸ್ ಬದಲಾಗುತ್ತದೆ, ಅದು ಕೇಬಲ್ ಮಾಡಿದ ಕೆಲಸವೇ ಅಲ್ಲ.

ಅನುಮಾನ ಬಂದ ಮೇಲೆ ಸುಮ್ನೆ ಇರಲಾಗಲಿಲ್ಲ. ಕೇಬಲ್ ಬದಲಾಯಿಸಿ ಬದಲಾಯಿಸಿ ಕೇಳುವುದರಲ್ಲಿ ಒಂದು ತೊಂದರೆ ಇದೆ, ಬಿಚ್ಚಿ ಕಟ್ಟುವಷ್ಟರಲ್ಲಿ ಹಿಂದಿನ ದನಿ ಹೇಗಿತ್ತು ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೆ ತಮ್ಮನನ್ನು ಕರೆದು, ದುಬಾರಿಯದು, ರೋಲ್ ವೈರ್ ಎರಡರಲ್ಲಿ ಎಡ ಸ್ಪೀಕರಿಗೆ ಒಂದು, ಬಲಕ್ಕೆ ಇನ್ನೊಂದು ಹಾಕು, ಯಾವುದು ಎಲ್ಲಿ ಅಂತ ನನಗೆ ಹೇಳಬೇಡ ಅಂದೆ. ಹಾಡನ್ನು ಮೋನೊ ಮಾಡಿ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ದನಿ ಬರುವ ಹಾಗೆ ಮಾಡಿ ಬಿಟ್ಟೆ. ಆಗ ದನಿ ಎರಡೂ ಸ್ಪೀಕರ್‌ಗಳ ನಟ್ಟನಡುವಿನಿಂದ ಬರಬೇಕು. ಒಂದು ಕಡೆ ಜೋರಾದರೂ, ದನಿಯ ಗುಣ ಬೇರೆಯಾದರೂ ನಡುವಿನ ಆ ದನಿ ಅತ್ತ ವಾಲುತ್ತದೆ ಅಥವಾ ಚದುರುತ್ತದೆ. ವಾಲಲೂ ಇಲ್ಲ, ಚದುರಲೂ ಇಲ್ಲ. ಅದಲುಬದಲು ಮಾಡಿಸಿದೆ, ಅದೇ ಕಥೆ. "ಏನಣ್ಣಾ, ನಾನು ಬದಲಾಯಿಸಿದ್ದೀನೋ ಇಲ್ವೋ ಅನ್ನೋದೂ ನಿನಗೆ ಗೊತ್ತಾಗ್ತಿಲ್ಲ ಅಲ್ವಾ?" ಅಂದ. ಗೊತ್ತಾಗುತ್ತಿರಲಿಲ್ಲ. 2007ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ದುಬಾರಿ ಕೇಬಲ್ಲನ್ನು ನೋಡದೆ, ಕೇಳಿಯೇ ಗುರುತಿಸಿ ತೋರಿಸಿದರೆ 10 ಲಕ್ಷ ಡಾಲರ್ ಕೊಡುತ್ತೇನೆ ಎಂದು ಸವಾಲು ಹಾಕಿದ್ದರು, ಆ ಪರೀಕ್ಷೆ ನಡೆಯಲೇ ಇಲ್ಲ. ನನ್ನ ಮನೆಯಲ್ಲಿ ನಡೆಯಿತು, ಸೋತಿದ್ದೂ ನಾನೇ.

ಲೆಕ್ಕ ಹಾಕಿದರೂ ಇದೇ ಬರುತ್ತದೆ. 14 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.008 ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ. ನನ್ನ ಮುಂದಿನ ಸ್ಪೀಕರ್ 3 ಮೀಟರ್ ದೂರ, ಹೋಗಿ ಬರುವ ತಂತಿ ಸೇರಿ 6 ಮೀಟರ್, ಅಂದರೆ ಒಟ್ಟು 0.05 ಓಮ್. 8 ಓಮಿನ ಸ್ಪೀಕರಿಗೆ ಇದರಿಂದ ಕಳೆದುಹೋಗುವುದು 0.05 ಡೆಸಿಬಲ್ (ದನಿ ಎಷ್ಟು ಜೋರು ಅನ್ನುವುದರ ಅಳತೆ). ಯಾವನೋ ರೆಸಿಸ್ಟೆನ್ಸ್ ಸೊನ್ನೆ ಇರುವ ಮಾಯದ ಕೇಬಲ್ ಮಾಡಿ ಕೊಟ್ಟರೂ ನನಗೆ ವಾಪಸ್ ಸಿಗುವುದು ಅಷ್ಟೇ. ಹಿಂದಿನ ಸರೌಂಡ್ ಸ್ಪೀಕರ್ 12 ಮೀಟರ್ ದೂರ ಇದೆ, ಅಲ್ಲೂ ಹೋಗುವುದು 0.2 ಡೆಸಿಬಲ್. ನನ್ನ ರಿಸೀವರ್, ಅಂದರೆ ಎಲ್ಲಾ ಸ್ಪೀಕರಿಗೂ ದನಿ ಕಳಿಸುವ ಪೆಟ್ಟಿಗೆ, ಮೈಕ್ ಇಟ್ಟು ದನಿ ಅಳೆದು ಸರಿಮಾಡುವಾಗ ಅರ್ಧರ್ಧ ಡೆಸಿಬಲ್ ಲೆಕ್ಕದಲ್ಲೇ ಮಾಡುತ್ತದೆ. ಬೆಳ್ಳಿ ತಂತಿ ಅಂತೀರಾ? ತಾಮ್ರಕ್ಕಿಂತ ಐದಾರು ಶೇಕಡಾ ಚೆನ್ನಾಗಿ ಕರೆಂಟ್ ಹರಿಸುತ್ತದೆ, ಅಷ್ಟಕ್ಕೆ ತಾಮ್ರವನ್ನೇ ಒಂದಿಷ್ಟು ದಪ್ಪ ತಂದರಾಯಿತು. ಎಡ ಬಲ ಒಂದೇ ಉದ್ದ ಇರಬೇಕು ಅನ್ನುವುದೂ ಬೇಡದ ಚಿಂತೆ. 3 ಮೀಟರ್ ಹೆಚ್ಚು ಕಡಿಮೆಯಾದರೆ ಆಗುವ ತಡದಲ್ಲಿ ದನಿ ಗಾಳಿಯಲ್ಲಿ ಕೂದಲಿನ ದಪ್ಪದಷ್ಟು ದೂರವೂ ಹೋಗುವುದಿಲ್ಲ.

ಸರಿ, ದನಿ ಒಂದೇ. ಹಾಗಾದರೆ ಇರಲಿ ಬಿಡು, ಹೇಗೂ ತಂದಾಗಿದೆ ಅಂತ ದುಬಾರಿಯದನ್ನೇ ಉಳಿಸಿಕೊಂಡಿದ್ದೆ. ಅಲ್ಲಿಂದ ಶುರುವಾಯಿತು ನೋಡಿ.

ಆ ಕೇಬಲ್ ಬೆರಳಿನಷ್ಟು ದಪ್ಪ, ಬಗ್ಗುವುದೇ ಇಲ್ಲ. ರಿಸೀವರ್ ಹಿಂದೆ ಟರ್ಮಿನಲ್‌ಗಳು ಒತ್ತೊತ್ತಾಗಿ ಇರುತ್ತವೆ, ಅದರ ಹಿಂದೆ ಗೋಡೆಗೆ ಇರುವುದು ಒಂದು ಗೇಣು ಜಾಗ. ಅಷ್ಟರಲ್ಲಿ ಈ ಕೇಬಲ್ಲನ್ನು ಬಗ್ಗಿಸಿ ಕೆಳಗಿಳಿಸಬೇಕು. ಬಗ್ಗಿಸಿದರೆ ಅದು ಮತ್ತೆ ನೆಟ್ಟಗಾಗಲು ನೋಡುತ್ತದೆ, ಜೊತೆಗೆ ತನ್ನ ತೂಕದಿಂದ ಪ್ಲಗ್ಗನ್ನು ಕೆಳಕ್ಕೆ ಎಳೆಯುತ್ತದೆ. ಅದರ ತುದಿಯ ಬನಾನಾ ಪ್ಲಗ್, ಟರ್ಮಿನಲ್ಲಿನ ತೂತಿಗೆ ಸಿಕ್ಕಿಸುವಂಥದ್ದು, ಬರೀ ಸ್ಪ್ರಿಂಗ್ ಹಿಡಿತದ ಮೇಲೆ ನಿಲ್ಲುತ್ತದೆ. ದಿನಕ್ಕಿಷ್ಟಿಷ್ಟೇ ಜಾರುತ್ತಾ ಹೊರಗೆ ಬರುತ್ತದೆ.

ಒಂದು ರಾತ್ರಿ ಸಿನಿಮಾ ನೋಡುತ್ತಾ ಕೂತಿದ್ದೇವೆ, ಮಳೆ ಸುರಿಯುತ್ತಿದೆ, ಕಾರು ಹೋಗುತ್ತಿದೆ, ಹಿನ್ನೆಲೆ ಸಂಗೀತ ಇದೆ, ಮಾತು ಮಾತ್ರ ಇಲ್ಲ. ತುಟಿ ಆಡುತ್ತಿದೆ ಅಷ್ಟೇ. ಇದೇನೋ ನಿರ್ದೇಶಕನ ಪ್ರಯೋಗ ಇರಬೇಕು ಅಂತ ಐದು ನಿಮಿಷ ನೋಡಿದೆವು! ಆಮೇಲೆ ಬೇರೆ ಸಿನಿಮಾ ಹಾಕಿದೆ, ಎಚ್‌ಡಿಎಂಐ ಕೇಬಲ್ ಬದಲಾಯಿಸಿದೆ, ಕೊನೆಗೆ ಬುದ್ಧಿಗೆಟ್ಟು ರಿಸೀವರನ್ನೇ ರೀಸೆಟ್ ಮಾಡಿ ಇದ್ದ ಸೆಟ್ಟಿಂಗ್ ಎಲ್ಲಾ ಅಳಿಸಿಕೊಂಡೆ. ಮಧ್ಯರಾತ್ರಿ ಟಾರ್ಚ್ ಹಿಡಿದು ಹಿಂದೆ ನೋಡಿದರೆ ಮಾತು ಬರುವ ನಡುವಿನ ಸೆಂಟರ್ ಸ್ಪೀಕರಿನ ಪ್ಲಗ್ ನಾಲಿಗೆ ಚಾಚಿದ ಹಾಗೆ ಅರ್ಧ ಹೊರಗಿದೆ. ಒತ್ತಿದೆ, ಹತ್ತು ದಿನಕ್ಕೆ ಮತ್ತೆ ಅದೇ. ಕೊನೆಗೆ ಸೆಣಬಿನ ದಾರ ತಂದು ಕೇಬಲ್ಲನ್ನು ಸ್ಟ್ಯಾಂಡಿಗೆ ಬಿಗಿದೆ. ಚಿನ್ನದ ಪ್ಲಗ್ಗಿಗೆ ಸೆಣಬಿನ ಊರುಗೋಲು.

ಗೋಡೆಯೊಳಗಿನ ಪೈಪಿನಲ್ಲಿ ತೂರಿಸೋಣ ಎಂದರೆ ಪ್ಲಗ್ ಫ್ಯಾಕ್ಟರಿಯಲ್ಲೇ ಕೂರಿಸಿದ್ದು, ಪೈಪಿಗಿಂತ ದಪ್ಪ. ಕತ್ತರಿಸಲು ಮನಸ್ಸು ಬಂದೀತೇ?

ಹಾಗಂತ ತೀರಾ ಅಗ್ಗದ್ದಕ್ಕೂ ಹೋಗಬೇಡಿ. ನಾನು ಮೊದಲು ತಂದಿದ್ದು ನೋಡಲು ತಾಮ್ರ, ಒಳಗೆ ಅಲ್ಯೂಮಿನಿಯಂ. ಸ್ಕ್ರೂ ಬಿಗಿದಲ್ಲಿ ಎಳೆಗಳು ಪುಟಪುಟನೆ ಮುರಿಯುತ್ತಿದ್ದವು, ಒಮ್ಮೆ ಮುರಿದ ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗಿ ರಿಸೀವರ್ ಟಕ್ಕನೆ ಆಫ್ ಆಯಿತು. ಅಲ್ಯೂಮಿನಿಯಂ ತಾಮ್ರದಷ್ಟು ಕರೆಂಟ್ ಹರಿಸುವುದಿಲ್ಲ, ಹಾಗಾಗಿ 14 ಗೇಜ್ ಎಂದು ತಂದದ್ದು ಕೆಲಸದಲ್ಲಿ 16 ಗೇಜಿನ ತಾಮ್ರ ಇದ್ದ ಹಾಗೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಹೊರಗೆ ಕೆಂಪು, ಒಳಗೆ ಬೆಳ್ಳಗೆ ಕಂಡರೆ ಬೇಡ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಿದ್ದರೆ ಅದು ತವರ ಬಳಿದ ತಾಮ್ರ, ಅದು ಪರವಾಗಿಲ್ಲ.

ನಾನು ಆರು ತಿಂಗಳಿಗೊಮ್ಮೆ ಸೋಫಾ, ಸ್ಪೀಕರ್ ಎಲ್ಲಾ ಆ ಕಡೆ ಈ ಕಡೆ ಸರಿಸುವ ಜಾತಿ. ನನಗೆ ಬೇಕಾದಷ್ಟು ಕತ್ತರಿಸಿ, ಬೇಕಾದ ಹಾಗೆ ಬಗ್ಗಿಸುವ ವೈರೇ ಸರಿ. ಒಮ್ಮೆ ಜೋಡಿಸಿ ಹತ್ತು ವರ್ಷ ಮುಟ್ಟದವರು, ಕೇಬಲ್ ಎದುರಿಗೇ ಕಾಣುತ್ತದೆ, ಅಂದವಾಗಿರಲಿ ಅನ್ನುವವರು ಬಟ್ಟೆ ಹೆಣೆದದ್ದೇ ತರಲಿ, ಅಂದಕ್ಕೆ ದುಡ್ಡು ಕೊಡುವುದು ತಪ್ಪೇನಲ್ಲ. 4 ಓಮಿನ ಸ್ಪೀಕರ್ ಇದ್ದು ದೂರವೂ ಜಾಸ್ತಿ ಇದ್ದರೆ 12 ಗೇಜ್ ತನ್ನಿ. ಸಬ್‌ವೂಫರ್ ಒಳಗೇ ಆಂಪ್ಲಿಫೈಯರ್ ಇದ್ದರೆ ಅದಕ್ಕೆ ಸ್ಪೀಕರ್ ವೈರ್ ಬೇಕಿಲ್ಲ, ರಿಸೀವರಿನಿಂದ ಸಿಗ್ನಲ್ ಮಾತ್ರ ಒಯ್ಯುವ ಆರ್‌ಸಿಎ ಕೇಬಲ್ ಸಾಕು.

ರೋಲ್ ವೈರ್‌ನ ಒಂದು ಬದಿಗೆ ಸಣ್ಣ ಗೆರೆ ಇರುತ್ತದೆ, ಅದನ್ನು ಪ್ಲಸ್ ಅಂತ ಇಟ್ಟುಕೊಂಡು ಎರಡೂ ತುದಿಯಲ್ಲಿ ಹಾಗೇ ಹಾಕಿ. ನಾನು ಬಲಗಡೆಯದನ್ನು ತಿರುಗುಮುರುಗು ಹಾಕಿಬಿಟ್ಟಿದ್ದೆ. ಬಾಸ್ ಮಾಯವಾಗಿತ್ತು. ಒಂದು ಕ್ಷಣ, ಅಯ್ಯೋ, ಆ ದುಬಾರಿ ಕೇಬಲ್ಲೇ ಚೆನ್ನಾಗಿತ್ತೇನೋ ಅನ್ನಿಸಿದ್ದೂ ನಿಜ.