ಟ್ರಯಲ್ ಮುಗಿದ ಮೇಲೂ ಬಾಗಿಲು ಹಾಕದ ಸಾಫ್ಟ್‌ವೇರ್: ರೀಪರ್ ಜೊತೆ ನನ್ನ ಕೆಲವು ವರ್ಷ

ರೀಪರ್ ಅನ್ನುವ ಆಡಿಯೋ ಸಾಫ್ಟ್‌ವೇರನ್ನು ನಾನು 6ನೇ ಆವೃತ್ತಿ ಇದ್ದಾಗಿನಿಂದ ಬಳಸುತ್ತಿದ್ದೇನೆ. ಹಾಡು, ಭಾಷಣ, ನಾಟಕ, ಏನನ್ನೇ ಆದರೂ ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸಿ, ದನಿ ಸರಿ ಮಾಡಲು ಬರುವಂಥದ್ದು. ಅದರ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ವಿಮರ್ಶೆ ಇವೆ. ಆದರೆ ಹೆಚ್ಚಿನವರು ಹೇಳದೆ ಬಿಡುವ ವಿಷಯ ಒಂದಿದೆ, ನನಗೆ ಅದೇ ಮುಖ್ಯ. ಫ್ರೀ ಟ್ರಯಲ್ ಮುಗಿದ ಮಾರನೇ ದಿನ ಈ ಸಾಫ್ಟ್‌ವೇರ್ ನಮ್ಮ ಕೆಲಸವನ್ನು ಏನು ಮಾಡುತ್ತದೆ?

ನಾನು ಏನು ಮಾಡುತ್ತೇನೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಸಾಗರದ ಕಡೆ ತಾಳಮದ್ದಳೆ ನಡೆದಾಗ ರೆಕಾರ್ಡ್ ಮಾಡಿಕೊಡುತ್ತೇನೆ. ಕೆಲವೊಮ್ಮೆ ಶಾಲೆಯ ಮಕ್ಕಳ ನಾಟಕ, ಭಾವಗೀತೆ ಕಾರ್ಯಕ್ರಮ. ಹೊಟ್ಟೆಪಾಡು ಬೇರೆ ಇದೆ, ಇದು ಪ್ರೀತಿಯ ಕೆಲಸ. ಹಾಗಾಗಿ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಸಾಫ್ಟ್‌ವೇರ್ ನನ್ನಂಥವರಿಗೆ ಹೊಂದುವುದಿಲ್ಲ. ಮಳೆಗಾಲದಲ್ಲಿ ಮೂರು ತಿಂಗಳು ಒಂದೂ ಕಾರ್ಯಕ್ರಮ ಇಲ್ಲದೆ ಕೂತಿರುತ್ತೇನೆ, ಆಗಲೂ ದುಡ್ಡು ಹೋಗುತ್ತಲೇ ಇರಬೇಕಾ?

ರೀಪರ್ ಮಾಡಿದ್ದು ಕಾಕೋಸ್ ಅನ್ನುವ ಚಿಕ್ಕ ಕಂಪನಿ. ಅದರ ಹಿಂದಿರುವವರು ಜಸ್ಟಿನ್ ಫ್ರ್ಯಾಂಕೆಲ್. 1990ರ ದಶಕದ ಕೊನೆಯಲ್ಲಿ ಕಂಪ್ಯೂಟರಿನಲ್ಲಿ ಎಂಪಿ3 ಹಾಡು ಕೇಳಿದವರಿಗೆಲ್ಲ ವಿನ್ಆಂಪ್ ನೆನಪಿರುತ್ತದೆ, ಅದನ್ನು ಬರೆದವರೂ ಇವರೇ. ಡೌನ್‌ಲೋಡ್ ಫೈಲ್ ತುಂಬಾ ಚಿಕ್ಕದು, ಹಳ್ಳಿಯ ಮೊಬೈಲ್ ಡೇಟಾದಲ್ಲೂ ಸುಲಭವಾಗಿ ಇಳಿಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಟ್ರಯಲ್ 60 ದಿನ. ಹೆಸರು ಕೇಳುವುದಿಲ್ಲ, ಈಮೇಲ್ ಕೇಳುವುದಿಲ್ಲ, ಕಾರ್ಡ್ ನಂಬರಂತೂ ಇಲ್ಲವೇ ಇಲ್ಲ. ಟ್ರಯಲ್ ಅಂತ ಯಾವ ಸೌಲಭ್ಯವನ್ನೂ ತಡೆಹಿಡಿದಿಲ್ಲ, ಮೊದಲ ದಿನದಿಂದಲೇ ಪೂರ್ತಿ ಸಾಫ್ಟ್‌ವೇರ್ ನಿಮ್ಮ ಕೈಯಲ್ಲಿ.

ಅರವತ್ತು ದಿನ ಕಳೆದ ಮೇಲೆ ಏನಾಗುತ್ತದೆ ಅಂದರೆ, ತೆರೆದಾಗ ಒಂದು ಕಿಟಕಿ ಬರುತ್ತದೆ. ಇದು ಪುಕ್ಕಟೆ ಸಾಫ್ಟ್‌ವೇರ್ ಅಲ್ಲ, ಟ್ರಯಲ್ ಅವಧಿ ಮುಗಿದಿದೆ, ದಯವಿಟ್ಟು ಕೊಂಡುಕೊಳ್ಳಿ ಅನ್ನುವ ಅರ್ಥದ ಮಾತು ಅಲ್ಲಿರುತ್ತದೆ. ಕೆಲವು ಸೆಕೆಂಡು ಕಾಯಬೇಕು, ಆಮೇಲೆ ಇನ್ನೂ ಪರೀಕ್ಷಿಸುತ್ತಿದ್ದೇನೆ ಅನ್ನುವ ಬಟನ್ ಒತ್ತಬಹುದು. ಅಷ್ಟೇ. ಹಳೆಯ ಪ್ರಾಜೆಕ್ಟ್ ತೆರೆಯುತ್ತದೆ, ಸೇವ್ ಆಗುತ್ತದೆ, ಎಂಪಿ3 ಹೊರಗೆ ಬರುತ್ತದೆ. ಹಾಗಂತ ಸುಮ್ನೆ ಎಷ್ಟು ವರ್ಷ ಬೇಕಾದರೂ ಬಳಸಬಹುದು ಅಂತಲ್ಲ. ಲೈಸೆನ್ಸಿನಲ್ಲಿ ಸ್ಪಷ್ಟವಾಗಿದೆ, 60 ದಿನದ ನಂತರ ಬಳಸುವವರು ಕೊಳ್ಳಬೇಕು. ಬಲವಂತ ಮಾಡದೆ ನಮ್ಮ ಮೇಲೆ ನಂಬಿಕೆ ಇಟ್ಟು ಬಿಟ್ಟಿದ್ದಾರೆ. ಆ ನಂಬಿಕೆಗಾಗಿಯೇ ನಾನು ದುಡ್ಡು ಕೊಟ್ಟೆ.

ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಿದ್ದು ರೀಪರ್‌ಗೆ ಮುಂಚೆ ಬೇರೊಂದು ಕಂಪನಿಯ ಸಾಫ್ಟ್‌ವೇರಿನ ಟ್ರಯಲ್ ಹಾಕಿಕೊಂಡಿದ್ದಾಗ. ಹೆಸರು ಬೇಡ. ನೋಡಲು ಬಹಳ ಚೆಂದ ಇತ್ತು, ಕಲಿಯಲೂ ಸುಲಭ. ಅದರಲ್ಲೇ ಒಂದು ಶಾಲೆಯ ನಾಟಕ ರೆಕಾರ್ಡ್ ಮಾಡಿ, ಅರ್ಧ ಎಡಿಟ್ ಮುಗಿಸಿದ್ದೆ. ಟ್ರಯಲ್ ಮುಗಿಯಿತು. ಮಾರನೇ ದಿನ ಪ್ರಾಜೆಕ್ಟ್ ತೆರೆದರೆ ಸೇವ್ ಬಟನ್ ಬೂದಿ ಬಣ್ಣ, ಎಕ್ಸ್‌ಪೋರ್ಟ್ ಬಟನ್ ಬೂದಿ ಬಣ್ಣ. ಆ ಪ್ರಾಜೆಕ್ಟ್ ಫೈಲನ್ನು ಬೇರೆ ಯಾವ ಸಾಫ್ಟ್‌ವೇರೂ ಓದುವುದಿಲ್ಲ. ಶಾಲೆಯ ಮೇಡಂ ಫೋನ್ ಮಾಡಿ, ಸರ್ ಮಕ್ಕಳು ಕೇಳ್ತಾ ಇದ್ದಾರೆ ಯಾವಾಗ ಕೊಡ್ತೀರಿ ಅಂತಿದ್ದರು. ಕೊನೆಗೆ ಒಂದು ತಿಂಗಳ ದುಡ್ಡು ಕಟ್ಟಿ, ಎಲ್ಲ ಟ್ರ್ಯಾಕುಗಳನ್ನೂ (ಒಂದೊಂದು ಮೈಕಿನ ದನಿಯ ಸಾಲು) ಯಾವ ಆಡಿಯೋ ಸಾಫ್ಟ್‌ವೇರಾದರೂ ಓದುವ ವೇವ್ ಫೈಲ್ ಮಾಡಿ ಹೊರಗೆ ತೆಗೆದೆ. ಮಕ್ಕಳ ದನಿ ಮಕ್ಕಳದ್ದು, ಕೂತು ಮಾಡಿದ ಕೆಲಸ ನನ್ನದು, ಅದನ್ನು ವಾಪಸ್ ಪಡೆಯಲು ದುಡ್ಡು ಕಟ್ಟಬೇಕಾಗಿ ಬಂದಿದ್ದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಹೊಸ ಕೆಲಸ ಮಾಡಲು ಬಿಡಬೇಡಿ, ಒಪ್ಪುತ್ತೇನೆ. ಮಾಡಿಟ್ಟ ಕೆಲಸವನ್ನು ಹೊರಗೆ ತೆಗೆದುಕೊಳ್ಳಲು ಬಿಡಿ. ಮೈಕ್ರೋಸಾಫ್ಟ್ 365 ಕೂಡ ಅವಧಿ ಮುಗಿದ ಮೇಲೆ ಬರೆಯಲು, ತಿದ್ದಲು ಬಿಡುವುದಿಲ್ಲ, ಆದರೆ ಫೈಲ್ ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು. ಕಡೇಪಕ್ಷ ಅಷ್ಟಾದರೂ ಇರಬೇಕು ಅಲ್ವಾ.

ರೀಪರಿನಲ್ಲಿ ನನಗೆ ಧೈರ್ಯ ಕೊಡುವ ಇನ್ನೊಂದು ಸಂಗತಿ ಅದರ ಪ್ರಾಜೆಕ್ಟ್ ಫೈಲ್. ಆರ್‌ಪಿಪಿ ಅಂತ ಕೊನೆಯಾಗುವ ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಬರೀ ಅಕ್ಷರಗಳು. ಯಾವ ಟ್ರ್ಯಾಕಿನಲ್ಲಿ ಯಾವ ಫೈಲ್ ಇದೆ, ಎಷ್ಟನೇ ಸೆಕೆಂಡಿಗೆ ಶುರು, ಎಲ್ಲವೂ ಕಣ್ಣಿಗೆ ಕಾಣುತ್ತದೆ. ರೆಕಾರ್ಡ್ ಆದ ದನಿಯೆಲ್ಲ ಸಾಮಾನ್ಯ ವೇವ್ ಫೈಲುಗಳಾಗಿ ಫೋಲ್ಡರಿನಲ್ಲಿ ಕೂತಿರುತ್ತವೆ. ನಾಳೆ ಕಾಕೋಸ್ ಕಂಪನಿಯೇ ಇಲ್ಲವಾದರೂ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಹಿರಿಯ ಅರ್ಥಧಾರಿಗಳ ಮಾತು ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಅವರಲ್ಲಿ ಕೆಲವರು ಈಗ ನಮ್ಮ ಜೊತೆ ಇಲ್ಲ. ಅವರ ಮನೆಯವರು ಇವತ್ತಿಗೂ ಕೇಳಿ ಪಡೆಯುತ್ತಾರೆ, ಹಾಗಾಗಿ ಇದು ನನಗೆ ಬರೀ ತಾಂತ್ರಿಕ ವಿಷಯ ಅಲ್ಲ.

ಇನ್ನು ದಿನದಿನದ ಬಳಕೆ. ತಾಳಮದ್ದಳೆ ರೆಕಾರ್ಡ್ ಮಾಡುವುದು ಅಂದರೆ ಭಾಗವತರಿಗೊಂದು ಮೈಕು, ಮದ್ದಳೆಗೊಂದು, ಚೆಂಡೆಗೊಂದು, ಅರ್ಥಧಾರಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು. ಪ್ರಸಂಗ ರಾತ್ರಿಯಿಡೀ ನಡೆದರೂ ನಡೆಯಿತು. ಇಲ್ಲಿ ಒಂದು ಅಪಾಯ ಇದೆ, ಎಲ್ಲರಿಗೂ ಗೊತ್ತಿರಲಿ. ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟುವಂತಿಲ್ಲ. ದನಿಯ ಗುಣಮಟ್ಟವನ್ನು 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ (ಎಡ-ಬಲ ಎರಡು ದನಿ) ಇಟ್ಟರೆ ನಾಲ್ಕು ಗಂಟೆ ಚಿಲ್ಲರೆಗೆ ಆ ಗಡಿ ಬಂದುಬಿಡುತ್ತದೆ, ಅಂದರೆ ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಕಥೆ ಕಾವೇರುವ ಹೊತ್ತಿಗೆ ಸರಿಯಾಗಿ. ರೀಪರಿನಲ್ಲಿ ಫೈಲ್ ದೊಡ್ಡದಾದರೆ ತಾನಾಗಿ, 4 ಜಿಬಿ ದಾಟಬಲ್ಲ ರೂಪಗಳಾದ ಆರ್‌ಎಫ್64 ಅಥವಾ ವೇವ್64 ಆಗಲಿ ಅಂತ ಹೇಳಿಟ್ಟುಕೊಳ್ಳಬಹುದು. ಮೈಕಿಗೊಂದು ಮೋನೋ (ಒಂದೇ ದನಿಯ) ಟ್ರ್ಯಾಕ್ ಇಟ್ಟರೆ ಅವಧಿ ಎರಡರಷ್ಟು ಸಿಗುತ್ತದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಇಡೀ ರಾತ್ರಿಯ ರೆಕಾರ್ಡಿಂಗಿಗೆ ರೀಪರ್ ಕೈಕೊಟ್ಟಿದ್ದಿಲ್ಲ.

ಎಡಿಟ್ ಮಾಡುವಾಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ರಿಪಲ್ ಎಡಿಟಿಂಗ್. ನಡುವೆ ಕರೆಂಟ್ ಹೋಗಿ ಹತ್ತು ನಿಮಿಷ ಗದ್ದಲ ಆಯಿತು ಅಂದುಕೊಳ್ಳಿ, ಎಲ್ಲ ಟ್ರ್ಯಾಕಿನಿಂದಲೂ ಆ ಭಾಗವನ್ನು ಒಟ್ಟಿಗೆ ಕತ್ತರಿಸಿದರೆ ಮುಂದಿನದೆಲ್ಲ ತಾಳ ತಪ್ಪದೆ ಹಿಂದಕ್ಕೆ ಬಂದು ಕೂರುತ್ತದೆ. ಕತ್ತರಿಸಲು ಎಸ್ ಒತ್ತಿದರೆ ಸಾಕು. ಫ್ಯಾನಿನ ಗುಂಯ್ ಶಬ್ದ ತೆಗೆಯಲು ರಿಯಾಫರ್ ಅನ್ನುವ ಪ್ಲಗಿನ್ (ಸಾಫ್ಟ್‌ವೇರಿನೊಳಗೆ ಸೇರುವ ಚಿಕ್ಕ ಉಪಕರಣ) ಅದರಲ್ಲೇ ಬರುತ್ತದೆ. ಶಬ್ದದ ಮಾದರಿ ತೋರಿಸಿದರೆ ಅದನ್ನು ಕಳೆಯುತ್ತದೆ. ಜಾಸ್ತಿ ಮಾಡಿದರೆ ದನಿ ನೀರಿನೊಳಗಿಂದ ಬಂದ ಹಾಗೆ ಆಗುತ್ತದೆ, ಹಗುರವಾಗಿ ಬಳಸಿ. ದನಿಯ ದಪ್ಪ-ತೆಳು ಸರಿ ಮಾಡುವ ರಿಯಾಈಕ್ಯೂ, ಜೋರು-ಮೆದು ದನಿಯ ಅಂತರ ತಗ್ಗಿಸುವ ರಿಯಾಕಾಂಪ್ ಎರಡೂ ನೋಡಲು ಏನೇನೂ ಇಲ್ಲ, ಕೆಲಸ ಮಾತ್ರ ಚೊಕ್ಕ. ಅರ್ಥಧಾರಿ ಪಿಸುಮಾತಿನಿಂದ ಒಮ್ಮೆಲೇ ಅಬ್ಬರಕ್ಕೆ ಏರಿದಾಗ ರಿಯಾಕಾಂಪ್ ಹಾಕಿ, ಮೇಲೆ ಸ್ವಲ್ಪ ಕೈಯಿಂದ ವಾಲ್ಯೂಮ್ ಗೆರೆ ಎಳೆದರೆ ಕೇಳುವವರಿಗೆ ಹಿತವಾಗಿರುತ್ತದೆ. ಅಬ್ಬರ ಪೂರ್ತಿ ಹೋಗಬಾರದು, ಅದು ಕಲೆಯ ಭಾಗ.

ಕೊರತೆಗಳೂ ಇವೆ. ಮೊದಲ ನೋಟಕ್ಕೆ ರೀಪರ್ ಹಳೇ ಕಾಲದ್ದು ಅನ್ನಿಸುತ್ತದೆ. ಸೆಟ್ಟಿಂಗ್ಸ್ ಕಿಟಕಿ ಒಂದು ದೊಡ್ಡ ಕಾಡು, ಹೊಸಬರು ದಾರಿ ತಪ್ಪುವುದು ಖಂಡಿತ. ಮ್ಯೂಸಿಕ್ ಮಾಡುವವರಿಗೆ ಬೇಕಾದ ವಾದ್ಯದ ದನಿಗಳು, ಲೂಪ್‌ಗಳು ಅದರ ಜೊತೆ ಬರುವುದಿಲ್ಲ, ಬೇರೆ ಹುಡುಕಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಪೂರ್ತಿ ಕೈಪಿಡಿ ಅವರ ಸೈಟಿನಲ್ಲೇ ಉಚಿತವಾಗಿ ಸಿಗುತ್ತದೆ, ವಿಡಿಯೋ ಪಾಠಗಳೂ ಬೇಕಾದಷ್ಟಿವೆ. ಆದರೆ ಕನ್ನಡದಲ್ಲಿ ಹುಡುಕಿದಾಗ ನನಗೆ ಸಿಕ್ಕಿದ್ದು ಬಹಳ ಕಡಿಮೆ, ನಮ್ಮ ಕಡೆಯ ಹುಡುಗರಿಗೆ ಕಲಿಸುವಾಗ ಇದೇ ದೊಡ್ಡ ತೊಡಕು. ಬ್ಯಾಕಪ್ ಆಯ್ಕೆಗಳನ್ನು ಶುರುವಿನಲ್ಲೇ ನೀವೇ ಹೋಗಿ ನೋಡಿ. ಕೆಲವು ನಿಮಿಷಕ್ಕೊಮ್ಮೆ ಸಮಯದ ಮುದ್ರೆಯೊಂದಿಗೆ ಪ್ರತಿ ಇಡುವಂತೆ ಮಾಡಬಹುದು.

ಬೆಲೆ. ಸ್ವಂತ ಬಳಕೆಗೆ, ಅಥವಾ ವರ್ಷದ ಆದಾಯ 20,000 ಡಾಲರ್ ಮೀರದವರಿಗೆ 60 ಡಾಲರ್. ಶಿಕ್ಷಣ ಸಂಸ್ಥೆಗಳಿಗೂ, ಲಾಭಕ್ಕಾಗಿ ನಡೆಯದ ಸಂಸ್ಥೆಗಳಿಗೂ ಅದೇ. ದೊಡ್ಡ ವ್ಯಾಪಾರದವರಿಗೆ 225 ಡಾಲರ್. ಎರಡೂ ಲೈಸೆನ್ಸಿಗೆ ಸಿಗುವ ಸಾಫ್ಟ್‌ವೇರ್ ಒಂದೇ, ಒಂದು ಬಟನ್ ಕೂಡ ಹೆಚ್ಚುಕಡಿಮೆ ಇಲ್ಲ. ಒಮ್ಮೆ ಕೊಟ್ಟರೆ ಆಯಿತು. ನಮ್ಮ ದುಡ್ಡಿನಲ್ಲಿ ಐದು ಸಾವಿರದ ಆಚೆ ಆಗುತ್ತದೆ, ಡಾಲರ್ ವ್ಯವಹಾರಕ್ಕೆ ಬ್ಯಾಂಕಿನವರು ಹಾಕುವ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಬೇರೆ. ಪೇಮೆಂಟ್ ಆಗದಿದ್ದರೆ ಗಾಬರಿ ಬೇಡ. 2020ರಿಂದ ಹೊಸ ಕಾರ್ಡುಗಳಲ್ಲಿ ಹೊರದೇಶದ ವ್ಯವಹಾರ ಮೊದಲಿಗೆ ಬಂದ್ ಆಗಿಯೇ ಬರುತ್ತದೆ, ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ಆನ್ ಮಾಡಬೇಕು. ನನ್ನದು ಟ್ರಯಲ್ ಮುಗಿದ ಮೇಲೆ ಕೆಲವು ದಿನ ತಡವಾಗಿದ್ದು ಇದರಿಂದಲೇ. ಆ ದಿನಗಳಲ್ಲೂ ಕೆಲಸ ನಿಲ್ಲಲಿಲ್ಲ.

ಬೇರೆ ಸಾಫ್ಟ್‌ವೇರಿನ ಟ್ರಯಲ್ ಹಾಕಿಕೊಳ್ಳುವವರಿಗೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ನನ್ನ ಹತ್ತಿರ ಹೆಚ್ಚು ಜನ ಕೇಳುವುದು ಇದನ್ನೇ. ಕಾರ್ಡ್ ಕೇಳುವ ಟ್ರಯಲ್ ಆದರೆ, ಅವಧಿ ಮುಗಿದ ದಿನ ಅದು ತಾನಾಗಿಯೇ ಪೇಯ್ಡ್ ಆಗುತ್ತದೆ ಅಂತಲೇ ತಿಳಿದುಕೊಳ್ಳಿ. ಸಾಫ್ಟ್‌ವೇರ್ ತೆಗೆದುಹಾಕಿದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ, ಎರಡೂ ಬೇರೆ ಬೇರೆ. ಫೋನಿನ ಆ್ಯಪ್ ಆದರೆ ಪ್ಲೇ ಸ್ಟೋರಿನ ಸಬ್‌ಸ್ಕ್ರಿಪ್ಷನ್ ಪಟ್ಟಿಗೆ ಹೋಗಿ ಅಲ್ಲಿ ರದ್ದು ಮಾಡಬೇಕು, ಯುಪಿಐ ಆಟೋಪೇ ಕೊಟ್ಟಿದ್ದರೆ ಯುಪಿಐ ಆ್ಯಪಿನಲ್ಲೂ ನೋಡಬೇಕು. ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ನಮಗೆ ಒಳ್ಳೇ ರಕ್ಷಣೆ ಕೊಟ್ಟಿದೆ. 2021ರ ಅಕ್ಟೋಬರ್ 1ರಿಂದ ಹೀಗೆ ಮತ್ತೆ ಮತ್ತೆ ಕಡಿತ ಆಗುವ ಪಾವತಿಗೆ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕಿನಿಂದ ಸಂದೇಶ ಬರಬೇಕು, ಬೇಡ ಅನ್ನಲು ಅದರಲ್ಲೇ ಅವಕಾಶ ಇರಬೇಕು. ಹೊರದೇಶದ ಕಂಪನಿಗೂ ಇದೇ ನಿಯಮ. ಆ ಸಂದೇಶವನ್ನು ಜಾಹೀರಾತು ಅಂತ ಅಳಿಸಬೇಡಿ.

ರದ್ದು ಮಾಡುವ ದಾರಿಯನ್ನು ಬೇಕಂತಲೇ ಬಚ್ಚಿಡುವವರಿಗೂ ಈಗ ಕಾನೂನಿನ ಹೆಸರಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ತಂದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ವಿನ್ಯಾಸಗಳ ಪಟ್ಟಿ ಇದೆ, ಸಬ್‌ಸ್ಕ್ರಿಪ್ಷನ್ ಬಲೆ ಅದರಲ್ಲಿ ಒಂದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಟ್ರಯಲ್ ಮುಗಿಯುವ ಮುಂಚೆ, ಕೊಳ್ಳುವ ಮನಸ್ಸಿದ್ದರೂ ಇಲ್ಲದಿದ್ದರೂ, ಕೆಲಸವನ್ನೆಲ್ಲ ಸಾಮಾನ್ಯ ರೂಪದಲ್ಲಿ ಹೊರಗೆ ತೆಗೆದಿಡಿ. ಆಡಿಯೋ ಆದರೆ ಪ್ರತಿ ಟ್ರ್ಯಾಕನ್ನೂ ಮೊದಲಿನಿಂದ ಕೊನೆಯವರೆಗೆ ಬೇರೆ ಬೇರೆ ವೇವ್ ಫೈಲ್ ಮಾಡಿ. ಎಲ್ಲದರ ಶುರುವೂ ಒಂದೇ ಕಡೆ ಇರಲಿ, ಆಗ ಯಾವ ಸಾಫ್ಟ್‌ವೇರಿಗೆ ಹಾಕಿದರೂ ಜೋಡಿಯಾಗಿ ಕೂರುತ್ತವೆ. ಕಂಪ್ಯೂಟರಿನ ತಾರೀಕು ಹಿಂದೆ ಹಾಕುವುದು, ಕ್ರ್ಯಾಕ್ (ದುಡ್ಡು ಕೊಡದೆ ಬೀಗ ಮುರಿದು ನಡೆಸುವ ಕಳ್ಳ ಫೈಲ್) ಹುಡುಕುವುದು ಬೇಡ. ಕ್ರ್ಯಾಕ್ ಹಾಕುವವರು ಮೊದಲು ಮಾಡುವುದೇ ಆ್ಯಂಟಿವೈರಸ್ ಆಫ್ ಮಾಡುವ ಕೆಲಸ, ಆಮೇಲೆ ಒಳಗೆ ಏನು ಬಂತು ಅಂತ ಯಾರಿಗೂ ತಿಳಿಯುವುದಿಲ್ಲ. ಅದೇ ಕಂಪ್ಯೂಟರಿನಲ್ಲಿ ನಿಮ್ಮ ಬ್ಯಾಂಕಿನ ಪಾಸ್‌ವರ್ಡೂ ಇರುತ್ತದೆ.

ವಿನ್‌ರಾರ್ (ಫೈಲುಗಳನ್ನು ಕುಗ್ಗಿಸಿ ಒಂದಾಗಿ ಕಟ್ಟುವ ಸಾಫ್ಟ್‌ವೇರ್) ಕೂಡ ರೀಪರಿನಂತೆಯೇ, 40 ದಿನದ ಟ್ರಯಲ್ ಮುಗಿದ ಮೇಲೂ ತೆರೆಯುತ್ತದೆ. ಆದರೆ ಬಹಳ ಜನ ಅದನ್ನು ವರ್ಷಗಟ್ಟಲೆ ಹಳೇ ಆವೃತ್ತಿಯಲ್ಲೇ ಇಟ್ಟುಕೊಂಡಿರುತ್ತಾರೆ. ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. 2023ರಲ್ಲಿ ದಾಳಿಕೋರರು ಬಳಸಿಕೊಂಡ ಒಂದು ದೊಡ್ಡ ದೋಷ 6.23ರಲ್ಲಿ ಸರಿಯಾಯಿತು. ಯಾವುದೇ ಹಳೇ ಆವೃತ್ತಿ ನಿಮ್ಮಲ್ಲಿದ್ದರೆ ಇವತ್ತೇ ಇತ್ತೀಚಿನದಕ್ಕೆ ಬದಲಾಯಿಸಿ. ಕೊಳ್ಳುವುದು ಬೇಡ ಅಂದರೆ 7-ಜಿಪ್ ಇದೆ, ಅದು ನಿಜಕ್ಕೂ ಉಚಿತ.

ರೀಪರ್ ಯಾರು ಕೊಳ್ಳಬೇಕು? ಒಂದು ಭಾಷಣದ ಹಿಂದುಮುಂದು ಕತ್ತರಿಸಿ ವಾಟ್ಸಾಪಿಗೆ ಹಾಕುವುದಷ್ಟೇ ಕೆಲಸ ಆದರೆ ಆಡಾಸಿಟಿ ಸಾಕು, ಅದು ಪುಕ್ಕಟೆ, ಟ್ರಯಲ್ ಗಿಯಲ್ ಏನೂ ಇಲ್ಲ. ನಾಲ್ಕಾರು ಮೈಕಿನ ರೆಕಾರ್ಡಿಂಗ್, ಗಂಟೆಗಟ್ಟಲೆ ಕಾರ್ಯಕ್ರಮ, ಆಡಿಯೋ ಪುಸ್ತಕ, ಪಾಡ್‌ಕಾಸ್ಟ್ ಮಾಡುವವರು 60 ದಿನ ಹಾಕಿ ನೋಡಿ. ಒಂದು ಪೂರ್ತಿ ಕೆಲಸವನ್ನು ಅದರಲ್ಲೇ ಮುಗಿಸಿ ಆಮೇಲೆ ತೀರ್ಮಾನ ಮಾಡಿ, ಮೊದಲ ಎರಡು ದಿನದ ಕಿರಿಕಿರಿ ನೋಡಿ ಬಿಡಬೇಡಿ.

ಒಂದು ಲೈಸೆನ್ಸ್ ಎರಡು ದೊಡ್ಡ ಆವೃತ್ತಿಗಳಿಗೆ ನಡೆಯುತ್ತದೆ. 6ರಲ್ಲಿ ಕೊಂಡ ನನಗೆ 7.99ರ ತನಕ ಎಲ್ಲ ಅಪ್‌ಡೇಟೂ ಉಚಿತ, 2023ರ ಅಕ್ಟೋಬರಿನಲ್ಲಿ 7 ಬಂದಾಗ ಒಂದು ರೂಪಾಯಿ ಕೊಡಲಿಲ್ಲ. 8ಕ್ಕೆ ಹೋಗಬೇಕಾದರೆ ಮತ್ತೆ ಕೊಳ್ಳಬೇಕು. ಹೋಗದಿದ್ದರೂ ಹಳೆಯದು ನಡೆಯುತ್ತಲೇ ಇರುತ್ತದೆ. ನಾನು ಮಾತ್ರ ಕೊಳ್ಳುತ್ತೇನೆ, ಈ ಸಲ ಕಾರ್ಡಿನಲ್ಲಿ ಹೊರದೇಶದ ವ್ಯವಹಾರ ಮೊದಲೇ ಆನ್ ಮಾಡಿಟ್ಟುಕೊಂಡು.