ಕ್ರೂಸ್ ಹಡಗಿನ ಖರ್ಚಿಗೆ ಮುಂಗಡ ಹಣ: ಕ್ರೆಡಿಟ್, ಗಿಫ್ಟ್ ಕಾರ್ಡ್, ನಗದು, ಡೆಬಿಟ್ – ಯಾವುದು ವಾಸಿ?

ಹಡಗು ಹತ್ತಿದ ಮೇಲೆ ಜೇಬಿನಲ್ಲಿರುವ ನೋಟಿಗೆ ಹೆಚ್ಚು ಕೆಲಸವಿಲ್ಲ. ಬಾರ್, ಸ್ಪಾ, ಫೋಟೊ, ಬಂದರಿನ ಪ್ರವಾಸ, ಎಲ್ಲಕ್ಕೂ ಕ್ಯಾಬಿನ್ ಕಾರ್ಡ್ ತೋರಿಸಿದರೆ ಸಾಕು, ಖರ್ಚು ಖಾತೆಗೆ ಏರುತ್ತದೆ. ಕೊನೆಯ ರಾತ್ರಿ ಲೆಕ್ಕ ಚುಕ್ತಾ. ಆ ಖಾತೆಗೆ ಮೊದಲೇ ಹಣ ತುಂಬುವ ದಾರಿಗಳು ನಾಲ್ಕೈದು ಇವೆ. ಎಲ್ಲವನ್ನೂ ಬಳಸಿ ನೋಡಿದವರು ಮೊದಲು ಕೇಳುವ ಪ್ರಶ್ನೆ ಎರಡೇ: ಯಾವ ಹಣ ಮೊದಲು ಕರಗುತ್ತದೆ? ಉಳಿದದ್ದು ವಾಪಸ್ ಬರುತ್ತದೆಯೇ?

ಬುಕಿಂಗ್ ಜೊತೆ ಸಿಗುವ ಆನ್‌ಬೋರ್ಡ್ ಕ್ರೆಡಿಟ್‌ನಲ್ಲಿ, ಅಂದರೆ ಹಡಗಿನಲ್ಲಿ ಖರ್ಚು ಮಾಡಲೆಂದು ಖಾತೆಗೆ ಜಮೆಯಾಗುವ ಹಣದಲ್ಲಿ, ಎರಡು ಜಾತಿ. ಕಂಪನಿ ಕೊಡುಗೆಯಾಗಿ ಕೊಟ್ಟದ್ದು ಸಾಮಾನ್ಯವಾಗಿ ಮರುಪಾವತಿ ಇಲ್ಲದ್ದು. ಇಳಿಯುವ ಹೊತ್ತಿಗೆ ಉಳಿದಿದ್ದರೆ ಅಷ್ಟೂ ಹೋಯಿತು. ಮರುಪಾವತಿ ಇರುವ ಕ್ರೆಡಿಟ್‌ನಲ್ಲಿ ಉಳಿದದ್ದು ಕಾರ್ಡ್‌ಗೋ ಕೈಗೋ ವಾಪಸ್ ಬರುತ್ತದೆ. ಬುಕಿಂಗ್ ಕಾಗದದಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂತಿರುವುದುಂಟು. ಯಾವುದು ಎಷ್ಟು ಎಂದು ಹೊರಡುವ ಮುಂಚೆಯೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಎರಡೂ ಇದ್ದರೆ ವಾಪಸ್ ಬಾರದ್ದು ಮೊದಲು ಕಳೆಯುವುದು ವಾಡಿಕೆ. ಹಾಗೆ ಆಗಿದೆಯೇ ಎಂದು ಎರಡನೇ ದಿನವೇ ಆ್ಯಪ್‌ನಲ್ಲಿ ನೋಡಿಬಿಡಿ.

ಜನ ಎಡವುವುದು ಟಿಪ್ಸ್ ವಿಷಯದಲ್ಲಿ, ಅಂದರೆ ಸಿಬ್ಬಂದಿಗೆಂದು ದಿನದಿನವೂ ಖಾತೆಗೆ ತಾನಾಗಿ ಬೀಳುವ ಮೊತ್ತದ ವಿಷಯದಲ್ಲಿ. ಟಿಪ್ಸನ್ನು ಮೊದಲೇ ಕಟ್ಟಿದರೆ ನಿಶ್ಚಿಂತೆ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ತಲೆಗೆ ದಿನಕ್ಕೆ 16 ಡಾಲರ್ ಎಂದಿಟ್ಟುಕೊಂಡರೆ ಇಬ್ಬರಿಗೆ 7 ರಾತ್ರಿಗೆ 224 ಡಾಲರ್. ನಿಮ್ಮ ಬಳಿ ವಾಪಸ್ ಬಾರದ ಕ್ರೆಡಿಟ್ 200 ಇದ್ದು, ಟಿಪ್ಸನ್ನು ಕೈಯಿಂದ ಮೊದಲೇ ಕಟ್ಟಿಬಿಟ್ಟರೆ, ಆ 200 ಮುಗಿಸಲು ಕೊನೆಯ ದಿನ ಬೇಡದ ಟೀಶರ್ಟು, ಕೀ ಚೈನು ಹೊತ್ತು ತರಬೇಕಾಗುತ್ತದೆ. ಕಟ್ಟದೆ ಬಿಟ್ಟರೆ ದಿನದಿನದ ಟಿಪ್ಸೇ ಕ್ರೆಡಿಟ್ಟನ್ನು ಪೂರ್ತಿ ನುಂಗುತ್ತದೆ, ಕೈಯಿಂದ ಬೀಳುವುದು 24 ಮಾತ್ರ. ಕ್ರೆಡಿಟ್ ದೊಡ್ಡದಿದ್ದರೆ ಟಿಪ್ಸ್ ಮುಂಗಡ ಬೇಡವೇ ಬೇಡ.

ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಕೆಲವು ಕ್ರೆಡಿಟ್ ಟಿಪ್ಸ್‌ಗೆ ಒಗ್ಗುವುದಿಲ್ಲ. ಕ್ರೂಸ್ ಕಂಪನಿ ಕಾರ್ನಿವಲ್ ಕಾರ್ಪೊರೇಷನ್ ತನ್ನ ಕನಿಷ್ಠ 100 ಶೇರು ಇಟ್ಟುಕೊಂಡವರಿಗೆ ಕೊಡುತ್ತ ಬಂದ ಕ್ರೆಡಿಟ್ ಅಂಥದ್ದು: ಖಾತೆಗೆ ಬೀಳುವ ಟಿಪ್ಸ್‌ಗೂ ಕ್ಯಾಸಿನೊಗೂ ನಡೆಯದು, ನಗದಾಗಿಯೂ ಬಾರದು. ಇಂಥದ್ದನ್ನು ಪ್ರವಾಸಕ್ಕೋ ಸ್ಪಾಗೋ ಮೊದಲೇ ಗೊತ್ತು ಮಾಡಿಕೊಳ್ಳಿ. ಸ್ಲಾಟ್ ಯಂತ್ರದ ಮೂಲಕ ಕ್ರೆಡಿಟ್ಟನ್ನು ನಗದು ಮಾಡುವ ಉಪಾಯ ಈಗ ಹೆಚ್ಚು ಕಡೆ ನಡೆಯುವುದಿಲ್ಲ. ನಡೆದ ಕಡೆಯೂ ಶುಲ್ಕದ ಕತ್ತರಿ ಇದೆ.

ಗಿಫ್ಟ್ ಕಾರ್ಡ್ ನಮಗೆ ಎರಡನೇ ಸ್ಥಾನದ ಆಯ್ಕೆ. ಕ್ರೂಸ್ ಕಂಪನಿಯದೇ ಕಾರ್ಡ್ ರಿಯಾಯಿತಿಯಲ್ಲಿ ಸಿಕ್ಕರೆ ಆ ರಿಯಾಯಿತಿ ನೇರ ಲಾಭ. ಕೊಳ್ಳುವ ಮುಂಚೆ ಒಂದು ವಿಷಯ ಖಚಿತವಾಗಲಿ: ಟಿಕೆಟ್‌ಗೆ ಮಾತ್ರವೋ, ಹಡಗಿನ ಖರ್ಚಿಗೂ ನಡೆಯುತ್ತದೆಯೋ. ಮೊದಲ ದಿನವೇ ಪೂರ್ತಿ ಸುರಿಯಬೇಡಿ. ಕೊನೆಯ ರಾತ್ರಿಯ ಹಿಂದಿನ ದಿನ ಬಿಲ್ ನೋಡಿಕೊಂಡು, ಅಷ್ಟನ್ನೇ ಕೌಂಟರ್‌ನಲ್ಲಿ ಹಾಕಿಸಿದರೆ ಉಳಿದದ್ದು ಕಾರ್ಡ್‌ನಲ್ಲೇ ಇರುತ್ತದೆ. ಬ್ಯಾಂಕಿನ ಪ್ರೀಪೇಯ್ಡ್ ಕಾರ್ಡ್ ಬೇರೆ ಮಾತು. ಅದನ್ನು ಖಾತೆಯ ಮುಖ್ಯ ಕಾರ್ಡಾಗಿ ನೋಂದಾಯಿಸಿದರೆ ಹೋಲ್ಡ್ (ಮುಂದಿನ ಖರ್ಚಿಗೆಂದು ಒಂದು ಮೊತ್ತವನ್ನು ತಡೆಹಿಡಿಯುವುದು) ಹಾಕುವಾಗ ತಿರಸ್ಕೃತವಾಗುವುದು ಸಾಮಾನ್ಯ. ಕೌಂಟರ್‌ನಲ್ಲಿ ಉಜ್ಜಿ ಬಾಕಿ ತೀರಿಸಲು ಮಾತ್ರ ಇಟ್ಟುಕೊಳ್ಳಿ.

ನಗದು ಠೇವಣಿಯ ಗುಣವೂ ದೋಷವೂ ಒಂದೇ: ಹಾಕಿದಷ್ಟೇ ಖರ್ಚು. ಕೈ ಬಿಗಿ ಇಲ್ಲದವರಿಗೆ ಇದೇ ಕಡಿವಾಣ. ಮುಗಿದ ಕ್ಷಣ ಕಾರ್ಡ್ ಬಾರ್‌ನಲ್ಲಿ ನಿಲ್ಲುತ್ತದೆ, ಮತ್ತೆ ಕೌಂಟರ್ ಸಾಲು. ಪಾನೀಯದ ಬೆಲೆಯ ಮೇಲೆ 18ರಿಂದ 20 ಶೇಕಡಾ ಸೇವಾಶುಲ್ಕ ತಾನಾಗಿ ಸೇರುವುದರಿಂದ, ಮೆನು ನೋಡಿ ಹಾಕಿದ ಅಂದಾಜು ಯಾವಾಗಲೂ ಕಡಿಮೆ ಬೀಳುತ್ತದೆ. ಇನ್ನೊಂದು: ರಸೀದಿಯಲ್ಲಿ ಆ ಶುಲ್ಕದ ಕೆಳಗೂ ಟಿಪ್ ಬರೆಯಲು ಖಾಲಿ ಗೆರೆ ಇರುತ್ತದೆ. ಅಲ್ಲಿ ಬರೆದರೆ ಎರಡು ಸಲ ಕೊಟ್ಟ ಹಾಗೆ.

ಡೆಬಿಟ್ ಕಾರ್ಡ್ ಎಲ್ಲಕ್ಕಿಂತ ಕೆಟ್ಟದ್ದು. ಹಡಗು ಮೊದಲು ಒಂದು ಮೊತ್ತಕ್ಕೆ ಹೋಲ್ಡ್ ಹಾಕುತ್ತದೆ, ಖರ್ಚು ಏರಿದಂತೆ ಮತ್ತಷ್ಟು. ಕೊನೆಗೆ ನಿಜವಾದ ಬಿಲ್ ಪ್ರತ್ಯೇಕವಾಗಿ ಕಡಿತವಾಗಬಹುದು, ಆಗ ಹಳೆಯ ಹೋಲ್ಡ್ ಬಿಡಲು ಬ್ಯಾಂಕ್ ಹಲವು ದಿನ ತೆಗೆದುಕೊಳ್ಳುತ್ತದೆ. 400 ಖರ್ಚು ಮಾಡಿದವರ ಖಾತೆಯಲ್ಲಿ 800 ಸಿಕ್ಕಿಹಾಕಿಕೊಳ್ಳುವುದು ಹೀಗೆ. ಕ್ರೆಡಿಟ್ ಕಾರ್ಡ್‌ನಲ್ಲೂ ಹೋಲ್ಡ್ ಬೀಳುತ್ತದೆ, ಆದರೆ ತಗ್ಗುವುದು ಮಿತಿ, ನಿಮ್ಮ ಹಣವಲ್ಲ. ಕಾರ್ಡ್ ನೋಂದಾಯಿಸುವಾಗ ಬಿಲ್ಲನ್ನು ನಿಮ್ಮ ದೇಶದ ಹಣಕ್ಕೆ ಪರಿವರ್ತಿಸಲೇ ಎಂದು ಕೇಳಿದರೆ ಬೇಡ ಎನ್ನಿ. ಹಡಗಿನ ದರಕ್ಕಿಂತ ಬ್ಯಾಂಕ್ ದರವೇ ಸಾಮಾನ್ಯವಾಗಿ ಅಗ್ಗ.

ಪಾನೀಯ ಪ್ಯಾಕೇಜ್, ವೈಫೈ ಮುಂತಾದವನ್ನು ಮೊದಲೇ ಕೊಳ್ಳುವುದೂ ಒಂದು ಬಗೆಯ ಮುಂಗಡವೇ. ಹಡಗಿನಲ್ಲಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ, ಹೊರಡುವ ಮುಂಚೆ ಬೆಲೆ ಇಳಿದರೆ ರದ್ದು ಮಾಡಿ ಮತ್ತೆ ಕೊಳ್ಳಲೂಬಹುದು. ಆದರೆ ಹಡಗಿನಲ್ಲಷ್ಟೇ ನಡೆಯುವ ಕ್ರೆಡಿಟ್ ಇದ್ದರೆ ಎಲ್ಲವನ್ನೂ ಮುಂಚೆಯೇ ಕೊಂಡು ಅದನ್ನು ಅನಾಥ ಮಾಡಬೇಡಿ. ಬಂದರು ತಪ್ಪಿ ಪ್ರವಾಸ ರದ್ದಾದರೆ ಆ ಹಣವೂ ಹೆಚ್ಚಾಗಿ ಹಡಗಿನ ಖಾತೆಗೇ ಬಂದು ಬೀಳುತ್ತದೆ ಎನ್ನುವುದು ನೆನಪಿರಲಿ.

ನಮ್ಮ ಜೋಡಣೆ ಹೀಗೆ: ಮುಂದೆ ವಾಪಸ್ ಬಾರದ ಕ್ರೆಡಿಟ್, ನಡುವೆ ಗಿಫ್ಟ್ ಕಾರ್ಡ್, ಬೆನ್ನಿಗೆ ಕ್ರೆಡಿಟ್ ಕಾರ್ಡ್. ಒಂದೇ ಕ್ಯಾಬಿನ್‌ನ ಇಬ್ಬರಿಗೆ ಬೇರೆ ಬೇರೆ ಖಾತೆ ತೆರೆದಿದ್ದರೆ ಕ್ರೆಡಿಟ್ ಪೂರ್ತಿ ಮೊದಲ ಹೆಸರಿನವರ ಖಾತೆಯಲ್ಲಿ ಕೂತು, ಎರಡನೆಯವರ ಖರ್ಚು ಅವರ ಕಾರ್ಡ್‌ಗೆ ಹೋಗುತ್ತಿರಬಹುದು. ಹತ್ತಿದ ದಿನವೇ ಕೌಂಟರ್‌ಗೆ ಹೋಗಿ ಎರಡನ್ನೂ ಕೂಡಿಸಿ ಎಂದರೆ ಐದು ನಿಮಿಷದ ಕೆಲಸ. ಕೊನೆಯ ರಾತ್ರಿ ಅದೇ ಕೌಂಟರ್ ಮುಂದೆ ಅರ್ಧ ಹಡಗೇ ನಿಂತಿರುತ್ತದೆ.